ಆರಿಸಿಬಿಡಿ, ಮಾವ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಎದುರು ಮನೆಯ ಮೆಟ್ಟಿಲೇ ಕಾಣುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಹಲ್ಲುಜ್ಜುತ್ತಿದ್ದವನ ಕೆಮ್ಮು ಮಾತ್ರ ಕೇಳುತ್ತಿತ್ತು. ಗಾಳಿ ಅಲ್ಲಾಡಲಿಲ್ಲ. ಹಿಂದಿನ ದಿನ ತಂತಿಗೆ ಹಾಕಿದ ಬಟ್ಟೆಗಳು ಒಗೆದಾಗ ಇದ್ದಷ್ಟೇ ಒದ್ದೆಯಾಗಿ ಜೋಲುತ್ತಿದ್ದವು. ಇಂಥ ಬೆಳಗು ಕಂಡಾಗ, ಲೋಕವನ್ನು ಈಗಷ್ಟೇ ಮಾಡಿ ಹಸಿ ಇರುವಾಗಲೇ ದೇವರು ನಮ್ಮ ಮುಂದೆ ಇಟ್ಟುಬಿಟ್ಟನೇನೋ ಅನ್ನಿಸುತ್ತದೆ. ಮುಟ್ಟಿದರೆ ಬೆರಳಿನ ಗುರುತು ಉಳಿದೀತು ಎಂದು ಭಯವಾಗುತ್ತದೆ.

ಸೊಸೆ ಬಚ್ಚಲಲ್ಲಿ ನೀರು ಕಾಯಿಸುವ ರಾಡನ್ನು ಬಕೆಟ್ಟಿಗೆ ಇಳಿಸಿ ಸ್ವಿಚ್ ಒತ್ತಿದ್ದಳು. ನೀರಿಗೆ ಬಿಸಿ ತಾಗುವ ಮೊದಲೇ ಕರೆಂಟು ಹೋಯಿತು. ಈಗ ಬಂದೀತು, ಈಗ ಬಂದೀತು ಎಂದು ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಳು. ಬರಲಿಲ್ಲ. ಬಸ್ಸು ಯಾರಿಗೂ ಕಾಯುವುದಿಲ್ಲ. ತಣ್ಣೀರನ್ನೇ ಮುಖಕ್ಕೆ ಎರಚಿಕೊಂಡು, ಹಲ್ಲು ಕಟಕಟ ಅನ್ನಿಸುತ್ತಾ ಬಟ್ಟೆ ಬದಲಿಸಿ, "ಮಾವ, ಬಾಗಿಲು ಹಾಕ್ಕೊಳ್ಳಿ, ಬರ್ತೀನಿ" ಎಂದು ಕೂಗಿ ಮೆಟ್ಟಿಲಿಳಿದಳು.

ಆ ಮನೆಯಲ್ಲಿ ಇದ್ದವರು ಮೂವರು. ಗಂಡನಿಗೆ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಹೋಗಿಬಿಡುತ್ತಿದ್ದ. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುತ್ತಿದ್ದಳು. ಮಾವ ಕೆಲಸ ಬಿಟ್ಟು ಮನೆಯಲ್ಲಿದ್ದರು. ಬಸ್ಸುಗಳಿಗೆ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ಆಯುಸ್ಸು ಕಳೆದ ಮನುಷ್ಯ. ಕೈ ಸುಮ್ಮನಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ.

ಆದ್ದರಿಂದ ಆ ಮನೆಯಲ್ಲಿ ಎಲ್ಲಿ ಕೈಯಿಟ್ಟರೂ ಅಲ್ಲಿ ಮಾವನ ಕೈ ಮೊದಲೇ ಹೋಗಿಬಂದಿರುತ್ತಿತ್ತು. ಜಾರುವ ಡಬ್ಬಿ ಮುಚ್ಚಳಗಳಿಗೆಲ್ಲ ಸೈಕಲ್ ಟ್ಯೂಬಿನ ಪಟ್ಟಿ. ಬಾಣಲೆಯ ಹಿಡಿಗೆ ಹೊಲಿದ ರೆಕ್ಸಿನ್ ಅಂಗಿ. ಬಾಗಿಲ ಕೆಳಗಿನ ಸಂದಿಯಿಂದ ಚಳಿ ನುಗ್ಗದಂತೆ ಅಡ್ಡ ಮಲಗಿದ ಮರಳಿನ ಉದ್ದ ಚೀಲ. ಅದಕ್ಕೆ ಅವರಿಟ್ಟ ಹೆಸರು 'ಕಾವಲುಗಾರ'. ಎತ್ತರದ ಕಿಟಕಿ ಮುಚ್ಚಲು ತುದಿಗೆ ಕೊಕ್ಕೆಯಿದ್ದ ಕೋಲು. ಸೊಸೆಗೆ ಮಂಡಿನೋವು ಶುರುವಾದ ವಾರವೇ ಅಡುಗೆಮನೆಗೆ ಒಂದು ಎತ್ತರದ ಸ್ಟೂಲು ಬಂತು, ಅದರ ಮೇಲೆ ಬಸ್ಸಿನ ಸೀಟಿನ ದಿಂಬು. "ಇದರ ಮೇಲೆ ಕೂತು ಸೊಪ್ಪು ಹೆಚ್ಚು, ಟಿಕೆಟ್ ಕೇಳಲ್ಲ" ಎಂದಿದ್ದರು. ಬಚ್ಚಲ ಗೋಡೆಯಲ್ಲೂ ಒಂದು ಕೊಕ್ಕೆ. ರಾಡನ್ನು ಒದ್ದೆಯಾಗಿ ಮೂಲೆಗೆ ಎಸೆಯುವುದು ಅವರಿಗೆ ಆಗದು. ಅದು ಕೊಕ್ಕೆಯಲ್ಲಿ ತೂಗಿ ಒಣಗಬೇಕು, ಇಲ್ಲವಾದರೆ ತುಕ್ಕು. ಸೊಸೆ ಎಷ್ಟೋ ಸಲ ಅದನ್ನು ಬಕೆಟ್ಟಿನಲ್ಲೇ ಬಿಟ್ಟು ಓಡುತ್ತಿದ್ದಳು. ಅವರು ಬೈಯದೆ ಎತ್ತಿ ತೂಗುಹಾಕುತ್ತಿದ್ದರು.

ಆದರೆ ಇತ್ತೀಚೆಗೆ ಮನೆಯಲ್ಲಿ ಒಂದು ಅಂಜಿಕೆ ಸೇರಿಕೊಂಡಿತ್ತು. ಹೋದ ತಿಂಗಳು ಮಾವ ನಲ್ಲಿ ತೆರೆದಿಟ್ಟು ಮರೆತರು. ನೀರು ಮೆಟ್ಟಿಲಿಳಿದು ಕೆಳಮನೆಯ ಹೊಲಿಗೆ ಅಕ್ಕನ ಬಟ್ಟೆ ಗಂಟಿನವರೆಗೂ ಹೋಯಿತು. ಅಂದು ಮಗ ಗಟ್ಟಿಯಾಗಿಯೇ ಹೇಳಿದ: "ಅಪ್ಪನಿಗೆ ಮರೆವು ಹೆಚ್ಚಾಗಿದೆ. ಇನ್ನೊಂದ್ಸಲ ಹಿಂಗಾದ್ರೆ ಒಬ್ಬರನ್ನೇ ಬಿಡೋ ಹಾಗಿಲ್ಲ. ಅಣ್ಣನ ಮನೆಗೆ ಕಳಿಸೋದೇ."

ಅಣ್ಣನ ಮನೆಯಲ್ಲಿ ಸದಾ ಜನ ಇರುತ್ತಾರೆ, ನಿಜ. ಒಳ್ಳೆಯ ಜನ. ಆದರೆ ಮಾವ ಅಲ್ಲಿ ಸೂಜಿ ಹಿಡಿದರೂ ಯಾರಾದರೂ ಓಡಿಬಂದು "ನೀವು ಕೂತ್ಕೊಳ್ಳಿ" ಅನ್ನುತ್ತಾರೆ. ಹಿಂದೊಮ್ಮೆ ಹೋಗಿ ನಾಲ್ಕು ದಿನಕ್ಕೇ ಮರಳಿದ ಮಾವ, "ಜನ್ಮವೆಲ್ಲಾ ಬೇರೆಯವರು ಕೂರೋಕೆ ಸೀಟು ಮಾಡಿದೆ ಕಣಮ್ಮ. ನಂಗೆ ಮಾತ್ರ ಕೂರೋದು ಬರಲ್ಲ" ಎಂದಿದ್ದರು. ನಗುತ್ತಲೇ ಅಂದದ್ದು. ಆದರೆ ಅಂದಮೇಲೆ ಬಹಳ ಹೊತ್ತು ಕಾವಲುಗಾರನ ಹೊಲಿಗೆಯನ್ನು ಸವರುತ್ತಿದ್ದುದನ್ನು ಸೊಸೆ ನೋಡಿದ್ದಳು. ಈ ಮನೆ ಬಿಟ್ಟರೆ ಈ ಮನುಷ್ಯ ಬಾಡಿಹೋಗುತ್ತಾರೆ ಎಂದು ಅವಳಿಗೆ ಅವತ್ತೇ ಗೊತ್ತಾಗಿತ್ತು.

ಬಸ್ಸು ಮಂಜಿನಲ್ಲಿ ತಡಕಾಡುತ್ತಾ ಹೋಗುತ್ತಿತ್ತು. ಕಿಟಕಿಯ ಗಾಜಿಗೆ ತಲೆಯಾನಿಸಿ ಕಣ್ಣು ಮುಚ್ಚಿದವಳಿಗೆ ಬಕೆಟ್ಟು ಕಣ್ಮುಂದೆ ಬಂತು. ರಾಡು. ಸ್ವಿಚ್ಚು. ಒತ್ತಿದ್ದು ನೆನಪಿದೆ. ತೆಗೆದದ್ದು ನೆನಪಿಲ್ಲ.

ಬಡಬಡನೆ ಫೋನು ತೆಗೆದಳು. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಮಗು ರಂಪ ಮಾಡುತ್ತಿತ್ತು. ಚಾಲಕ ಒಂದೇ ಸಮನೆ ಹಾರ್ನ್ ಬಾರಿಸುತ್ತಿದ್ದ.

"ಮಾವ, ಬಚ್ಚಲಲ್ಲಿ ರಾಡ್ ಹಾಗೇ ಬಿಟ್ಟು ಬಂದೆ. ಆರಿಸಿಬಿಡಿ, ಮಾವ!"

"ಏನಂದೆ?"

"ರಾಡು! ಆರಿಸಿಬಿಡಿ!"

"ಓ, ಅದಾ. ಹಾಕ್ತೀನಿ ಬಿಡಮ್ಮ. ನೀನು ಹುಷಾರಾಗಿ ಹೋಗು, ಮಂಜಿದೆ."

ಫೋನು ಚೀಲದೊಳಗೆ ಹೋಯಿತು. ಬಸ್ಸು ಮುಂದಿನ ತಿರುವು ದಾಟಿತು. ಆಮೇಲೆ ಆ ಒಂದು ಮಾತು ಹಲ್ಲಿನ ಸಂದಿಯ ನಾರಿನಂತೆ ಕಾಡತೊಡಗಿತು. 'ಹಾಕ್ತೀನಿ' ಅಂದರಲ್ಲ? ಲೈಟು ಹಾಕುವುದು, ಫ್ಯಾನು ಹಾಕುವುದು, ಸ್ವಿಚ್ಚು ಹಾಕುವುದು. ಆರಿಸಿ ಅಂದರೆ ಹಾಕ್ತೀನಿ ಅನ್ನುವುದುಂಟೆ? ನಾನು ಹೇಳಿದ್ದು ತಿರುಗುಮುರುಗಾಗಿ ಕೇಳಿಸಿತೋ? ಅಥವಾ ಗಂಡ ಹೇಳುವುದೇ ನಿಜವೋ, ತಲೆಯೊಳಗೇ ತಿರುಗುಮುರುಗಾಗುತ್ತಿದೆಯೋ?

ಮತ್ತೆ ಫೋನು ಮಾಡಿದಳು. ಗಂಟೆ ಬಾರಿಸಿತು, ಎತ್ತಲಿಲ್ಲ.

ಅಂಗಡಿಯಲ್ಲೂ ಕರೆಂಟಿರಲಿಲ್ಲ. ಮೋಂಬತ್ತಿ ಹಚ್ಚಿಕೊಂಡು ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಹಾಗೆ ಕೂತಿದ್ದರು. ಕಿಟಕಿಯ ಬಳಿ ಒಬ್ಬ ಹೆಂಗಸು ಒಂದಾದಮೇಲೊಂದು ಫ್ರೇಮು ಹಾಕಿ ತೆಗೆಯುತ್ತಿದ್ದಳು.

"ಇದರಲ್ಲಿ ನಾನು ಹೆಡ್ಮಿಸ್ ತರ ಕಾಣಲ್ವಾ?"

"ಇಲ್ಲಮ್ಮ, ಚೆನ್ನಾಗಿದೆ."

"ನೀವು ನನ್ನ ಮುಖಾನೇ ನೋಡ್ಲಿಲ್ಲ, ಹೇಗೆ ಚೆನ್ನಾಗಿದೆ?"

ನಿಜ, ನೋಡಿರಲಿಲ್ಲ. ಅವಳ ಕಣ್ಣು ಮೇಜಿನ ಮೇಲಿದ್ದ ಫೋನಿನ ಮೇಲಿತ್ತು. ಎಳ್ಳಿನಷ್ಟು ಸಣ್ಣ ತಿರುಪನ್ನು ಚಿಮುಟದಲ್ಲಿ ಹಿಡಿದು ಫ್ರೇಮಿನ ಕೀಲಿಗೆ ಇಳಿಸುವ ಕೆಲಸ. ಉಸಿರು ಜೋರಾದರೂ ಹಾರಿಹೋಗುತ್ತದೆ. ಒಂದು ಬಿತ್ತು. ಹುಡುಕಿ ಎತ್ತಿದಳು. ಮತ್ತೆ ಬಿತ್ತು. ಕರೆಂಟಿಲ್ಲವಲ್ಲ, ಕರೆಂಟಿಲ್ಲದಿದ್ದರೆ ಏನೂ ಆಗಲ್ಲ, ಎಂದು ತನಗೆ ತಾನೇ ಹೇಳಿಕೊಂಡಳು. ಬಕೆಟ್ಟಿನ ನೀರೊಳಗೆ ಇದ್ದರೂ ಎಷ್ಟು ಹೊತ್ತು ತಾನೇ ಕಾದೀತು, ಯಾರಾದರೂ ನೋಡುತ್ತಾರೆ. ಯಾರು? ಮಾವ ಒಬ್ಬರೇ ಇದ್ದಾರೆ. ಅವರು ನೀರು ಬಿಸಿಯಾಯಿತೇ ಎಂದು ಕೈ ಅದ್ದಿಬಿಟ್ಟರೆ?

ಆಗಲೇ ಕನ್ನಡಿಯ ಸುತ್ತ ಜೋಡಿಸಿದ್ದ ಪುಟ್ಟ ಬಲ್ಬುಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಗಾಜು ಉಜ್ಜುವ ಚಕ್ರ ಗುಂಯ್ ಎಂದಿತು.

"ಅಬ್ಬಾ, ಬಂತು!" ಎಂದಳು ಆ ಹೆಂಗಸು ಸಂತೋಷದಿಂದ.

ಸೊಸೆ ಚಿಮುಟ ಕೆಳಗಿಟ್ಟಳು. ಅಂಗಡಿಗೂ ಮನೆಗೂ ಬರುವುದು ಒಂದೇ ತಂತಿ. ಇಲ್ಲಿ ಹೊತ್ತಿದ್ದು ಅಲ್ಲೂ ಹೊತ್ತಿದೆ.

ಮಾವನಿಗೆ ಫೋನು ಮಾಡಿದಳು, ಎತ್ತಲಿಲ್ಲ. ಹೊಲಿಗೆ ಅಕ್ಕನಿಗೆ ಮಾಡಿದಳು. ಆಕೆ ಮಿಷನ್ ತುಳಿಯಲು ಕೂತರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳಿಸದು. ಗಂಡನ ಫೋನು ಪಂಪ್‌ಹೌಸಿನ ಕಪಾಟಿನಲ್ಲಿರುತ್ತದೆ, ಊಟದ ಹೊತ್ತಿಗಷ್ಟೇ ಹೊರಬರುತ್ತದೆ. ಯಜಮಾನರ ಮುಂದೆ ಹೋಗಿ ನಿಂತಳು.

"ಏನಮ್ಮ, ಮನೇಲಿ ಏನಾದ್ರೂ…?"

"ಮಾವ ಫೋನ್ ಎತ್ತುತ್ತಿಲ್ಲ, ಸಾರ್."

"ಹೋಗು, ಹೋಗು. ಹೆಂಗೂ ಇವತ್ತು ನೀನು ಕೂರಿಸಿದ ಗಾಜಲ್ಲಿ ನೋಡಿದ್ರೆ ಲೋಕ ಎಲ್ಲ ನಡುಗ್ತಾ ಕಾಣುತ್ತೆ."

ಆಟೋದಲ್ಲಿ ಅವಳು ಸೀಟಿನ ಅಂಚಿನಲ್ಲೇ ಕೂತಿದ್ದಳು. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಪ್ರತಿ ಅಡ್ಡರಸ್ತೆಯಲ್ಲೂ ಗಾಡಿ ನಿಂತು ನೋಡಿ ಹೋಗಬೇಕು. ಭಗವಂತ ಇಂಥ ಹೊತ್ತಿನಲ್ಲೇ ಮನುಷ್ಯನಿಗೆ ತನ್ನನ್ನು ನೆನಪಿಸುತ್ತಾನೆ. ದೇವರೇ, ಮನೆ ಹೋದರೂ ಪರವಾಗಿಲ್ಲ, ಮಾವ ಚೆನ್ನಾಗಿರಲಿ, ಎಂದು ಬೇಡಿಕೊಂಡಳು. ಸ್ವಲ್ಪ ದೂರ ಹೋದಮೇಲೆ, ಮನೆಯೂ ಇರಲಿ ದೇವರೇ, ಎಂದಳು. ಇನ್ನೂ ಸ್ವಲ್ಪ ದೂರ ಹೋದಮೇಲೆ ಮೂರನೆಯದೊಂದು ಬೇಡಿಕೆ ಬಂತು, ಅದನ್ನು ಬೇಡಲು ಅವಳಿಗೆ ನಾಚಿಕೆಯಾಯಿತು: ಏನಾಗಿದ್ದರೂ ಅದು ಮಾವನ ಮರೆವಿನಿಂದ ಆಗಿರದಿರಲಿ.

ಮನೆಯ ಮುಂದೆ ಜನ ನಿಂತಿದ್ದರು. ಸುಟ್ಟ ಪ್ಲಾಸ್ಟಿಕ್ಕಿನ ಕಮಟು ವಾಸನೆ ಬೀದಿಯ ತುದಿಯವರೆಗೂ ಬಂದಿತ್ತು. ಅವಳು ಜನರನ್ನು ಸರಿಸಿಕೊಂಡು ಓಡಿದಳು.

ಮಾವ ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು. ಒಂದು ತೋಳು ಒದ್ದೆ, ತಲೆಗೂದಲ ತುಂಬಾ ಹತ್ತಿ. ಬಲಗೈಯನ್ನು ಒಂದು ಚೊಂಬು ನೀರಿನಲ್ಲಿ ಅದ್ದಿಕೊಂಡಿದ್ದರು. ಅವಳನ್ನು ಕಂಡು ಏಳಲು ಹೋದರು.

"ಕೂತ್ಕೊಳ್ಳಿ ಯಜಮಾನ್ರೇ, ಸುಮ್ನೆ ಕೂತ್ಕೊಳ್ಳಿ!" ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡಿದ್ದ ಹೊಲಿಗೆ ಅಕ್ಕ ಗದರಿದಳು. "ಬಂದ್ಯಾ ತಾಯಿ? ಬಾ. ನಿಮ್ಮ ಮಾವನ ಪವಾಡ ನೋಡು ಬಾ. ನಾನು ದಾರ ತರೋಕೆ ಅಂತ ಎದ್ದೆ ನೋಡು, ಮೂಗಿಗೆ ವಾಸನೆ ಬಂತು. ಓಡಿಬಂದು ಬಾಗಿಲು ತಟ್ಟಿದ್ದೇ ತಟ್ಟಿದ್ದು. ಇವ್ರು ಮುಂದಿನ ಕೋಣೇಲಿ ದಿಂಬಿನ ಹತ್ತಿ ಬಡೀತಾ ಕೂತಿದ್ದಾರೆ! ಆರಾಮವಾಗಿ ಬಾಗಿಲು ತೆಗೆದು 'ಏನಮ್ಮ, ಚೆನ್ನಾಗಿದೀಯಾ' ಅಂತಾರೆ!"

"ಕೇಳಿಸ್ಲಿಲ್ಲ ಕಣಮ್ಮ. ಹತ್ತಿ ಧೂಳಲ್ಲಿ ವಾಸನೆನೂ ಬರ್ಲಿಲ್ಲ" ಎಂದರು ಮಾವ, ಮೆಲ್ಲಗೆ.

ಬಚ್ಚಲಲ್ಲಿ ರಾಡು ಗೋಡೆಯ ಕೊಕ್ಕೆಯಲ್ಲಿ ತೂಗುತ್ತಿತ್ತು, ಈಗ ಕಪ್ಪಗೆ, ಸುಟ್ಟ ಹಾವಿನ ಹಾಗೆ. ನೀರಿಲ್ಲದೆ, ಬರೀ ಗಾಳಿಯಲ್ಲಿ, ಕೆಂಡವಾಗಿ ಉರಿದಿತ್ತು. ಪಕ್ಕದ ಟವೆಲ್ಲು ಅರ್ಧ ಬೂದಿ. ಮಗ್ಗು ಕರಗಿ ನೆಲಕ್ಕೆ ಅಂಟಿತ್ತು. ಮಾವನ ಫೋನು ಕಿಟಕಿಯ ಕಟ್ಟೆಯ ಮೇಲೆ, ಮಸಿ ಮೆತ್ತಿಕೊಂಡು ಬಿದ್ದಿತ್ತು. ರಾಡು ಎತ್ತುವಾಗ ಅಲ್ಲಿಟ್ಟು ಮರೆತಿದ್ದರು. ಹೊಲಿಗೆ ಅಕ್ಕ ಮೇನ್ ಸ್ವಿಚ್ ಇಳಿಸಿ ನೀರೆರಚಿದ್ದಳು. ಅದಕ್ಕೆ ಮೊದಲು ಮಾವ ಉರಿಯುವ ಟವೆಲ್ಲನ್ನು ಬರಿಗೈಯಲ್ಲಿ ಎಳೆದಿದ್ದರು. ಬೆರಳುಗಳ ಮೇಲೆ ಬೊಕ್ಕೆ ಎದ್ದಿತ್ತು.

"ನೀರಿಂದ ಹೊರಗೆ ತೆಗೆದು ಕರೆಂಟು ಹಾಕಿದ್ದಾರೆ" ಎಂದು ಹೊಲಿಗೆ ಅಕ್ಕ ಅವಳ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. ಈಗ ಬೈಗುಳವಿರಲಿಲ್ಲ. "ಬುದ್ಧಿ ಸ್ಥಿಮಿತದಲ್ಲಿರೋರು ಮಾಡೋ ಕೆಲಸವೇನೇ ಇದು? ಒಳ್ಳೇ ಮನುಷ್ಯ ಕಣೇ. ಆದ್ರೆ ಇನ್ನು ಒಬ್ಬರನ್ನೇ ಬಿಡಬೇಡ."

ಸೊಸೆ ಕೊಕ್ಕೆಯಲ್ಲಿದ್ದ ರಾಡನ್ನೇ ನೋಡಿದಳು. 'ಹಾಕ್ತೀನಿ' ಅಂದಿದ್ದರು. ಹಾಕಿಯೇಬಿಟ್ಟಿದ್ದಾರೆ.

ಮಧ್ಯಾಹ್ನ ಗಂಡ ಓಡಿಬಂದ. ಬಚ್ಚಲು ನೋಡಿ ಹೊರಬಂದವನ ಮುಖ ಸುಣ್ಣದಂತಾಗಿತ್ತು. ಕೂಗಾಡಿದ್ದರೆ ಚೆನ್ನಾಗಿತ್ತು, ಅವನು ಕೂಗಾಡಲಿಲ್ಲ. ಹೊಲಿಗೆ ಅಕ್ಕ ಮಾವನ ಕೊರಳಿನ ದಾರದಲ್ಲಿದ್ದ ಮನೆಯ ಬೀಗದಕೈಯನ್ನು ಅಷ್ಟರಲ್ಲೇ ತೆಗೆದಿಟ್ಟಿದ್ದಳು. ಅದನ್ನು ಅವನ ಕೈಗೆ ಕೊಟ್ಟು, "ಇದು ನಿಮ್ಮ ಹತ್ರಾನೇ ಇರಲಿ" ಅಂದಳು. ಮಗ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಮಾವ ನೋಡಿದರು.

ಆಮೇಲೆ ಅವನು ಅಣ್ಣನಿಗೆ ಫೋನು ಮಾಡಿದ್ದು ಮನೆಗೆಲ್ಲ ಕೇಳಿಸಿತು. "ನಾಳೆ ಬೆಳಿಗ್ಗೆ ಕರ್ಕೊಂಡು ಬರ್ತೀನಿ… ಇಲ್ಲ, ಇನ್ನು ಆಗಲ್ಲ… ಹ್ಞೂಂ, ಬಟ್ಟೆ ಎಲ್ಲ ತರ್ತೀನಿ."

ಮಾವ ತಾವೇ ಬಟ್ಟೆ ಮಡಚತೊಡಗಿದರು. ಎಡಗೈಯಲ್ಲಿ, ನಿಧಾನವಾಗಿ, ಅಂಚಿಗೆ ಅಂಚು ಸೇರಿಸಿ. ಸೊಸೆ ಬಾಗಿಲಲ್ಲಿ ನಿಂತಳು.

"ಅವನು ಹೇಳೋದು ಸರಿ ಕಣಮ್ಮ" ಎಂದರು ತಲೆಯೆತ್ತದೆ. "ಬುದ್ಧಿ ಕೈಕೊಡ್ತಿದೆ. ಸ್ವಿಚ್ ಒತ್ತಿದ್ದು ನಂಗೆ ನೆನಪೇ ಇಲ್ಲ. ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ. ಅಷ್ಟೂ ಅಳಿಸಿಹೋಗಿದೆ ಅಂದ್ರೆ ನೋಡು."

"ಮಾವ, ಸ್ವಿಚ್ ಒತ್ತಿದ್ದು ನಾನು" ಎಂದಳು. "ತೆಗೆಯೋದು ಮರೆತೆ."

"ನನ್ನ ಉಳಿಸೋಕೆ ಹಂಗಂತೀಯ. ನೀನು ಫೋನ್ ಮಾಡಿ ಹೇಳಿದೆ. ನಾನು ಇನ್ನೇನೋ ಮಾಡಿಟ್ಟೆ. ಅಷ್ಟೇ ತಾನೇ?" ಅವರು ಇನ್ನೊಂದು ಅಂಗಿ ಎತ್ತಿಕೊಂಡರು.

ಹೌದು, ಆರಿಸಿ ಎಂದು ಬಾಯಿಬಿಟ್ಟು ಹೇಳಿದ್ದಳು. ಎರಡು ಸಲ ಹೇಳಿದ್ದಳು. ಹೇಳಿದ ಮೇಲೂ ಹೀಗಾದರೆ, ನಾಳೆ ಒಲೆ ಉರಿಯುತ್ತಿರುವಾಗ ಯಾರು ಹೇಳುತ್ತಾರೆ? ಬರುವ ಕಣ್ಣೀರನ್ನು ನುಂಗಿ ಅಡುಗೆಮನೆಗೆ ಹೋಗಿ ಹಾಲು ಕಾಯಲಿಟ್ಟಳು. ಅದು ಕಾಯುವಷ್ಟರಲ್ಲಿ ಬಚ್ಚಲ ನೆಲಕ್ಕೆ ಅಂಟಿದ ಮಗ್ಗನ್ನು ಕೆರೆದು ತೆಗೆಯೋಣ ಎಂದು ಹೋಗಿ ಕೂತಳು.

ಹಾಲು ಉಕ್ಕುವ ಸದ್ದು ಅಲ್ಲಿಂದಲೇ ಕೇಳಿಸಿತು. ಗಂಡ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದ.

"ರೀ, ಹಾಲು! ಆರಿಸಿ, ಆರಿಸಿ!"

"ಹ್ಞಾಂ" ಎಂದ. ಪಾತ್ರೆಯ ಸದ್ದಾಯಿತು. ಲೋಟದ ಸದ್ದಾಯಿತು. ಅವಳು ಕೈ ತೊಳೆದುಕೊಂಡು ಬಂದು ನೋಡಿದರೆ, ಒಲೆ ನೀಲಿಯಾಗಿ ಭುಗುಭುಗು ಉರಿಯುತ್ತಿತ್ತು, ಮೇಲೆ ಏನೂ ಇಲ್ಲ. ಅದರ ಪಕ್ಕದಲ್ಲೇ ನಿಂತು ಗಂಡ ಒಂದು ಲೋಟದಿಂದ ಇನ್ನೊಂದಕ್ಕೆ ಹಾಲನ್ನು ಎತ್ತರದಿಂದ ಸುರಿಯುತ್ತಿದ್ದ.

"ಏನ್ರೀ ಮಾಡ್ತಿದೀರಾ? ಒಲೆ ಉರೀತಾನೇ ಇದೆ!"

"ನೀನೇ ಆರಿಸು ಅಂದೆಯಲ್ಲೇ. ಆರಿಸ್ತಿದೀನಿ. ಕೈ ಬೇರೆ ಸುಟ್ಟುಕೊಂಡೆ."

"ಒಲೆ ಆರಿಸಿ ಅಂದ್ರೆ…"

"ಒಲೆ ಬಂದ್ ಮಾಡು ಅನ್ನಬೇಕಪ್ಪ. ಹಾಲು ಆರಿಸು ಅಂದ್ರೆ ಹಾಲನ್ನ ಆರಿಸ್ತಾರೆ. ನಿಮ್ಮ ಮನೇಲಿ ಹಾಲಿಗೂ ಸ್ವಿಚ್ ಇರುತ್ತೇನೋ!"

ಅವನು ನಕ್ಕ. ಬೆಳಗಿನಿಂದ ಆ ಮನೆಯಲ್ಲಿ ಹುಟ್ಟಿದ ಮೊದಲ ನಗು. ಆದರೆ ಅದು ಅರ್ಧಕ್ಕೇ ನಿಂತಿತು, ಹೆಂಡತಿಯ ಮುಖ ನೋಡಿ.

ಅವಳ ತವರಿನಲ್ಲಿ ಲೈಟು ಆರಿಸುತ್ತಾರೆ, ಫ್ಯಾನು ಆರಿಸುತ್ತಾರೆ, ಟಿ.ವಿ. ಕೂಡ ಆರಿಸುತ್ತಾರೆ. ಈ ಮನೆಯಲ್ಲಿ ಎಲ್ಲವನ್ನೂ 'ಬಂದ್' ಮಾಡುತ್ತಾರೆ. ಆರಿಸುವುದೆಂದರೆ ಇವರಿಗೆ ಬಿಸಿಯನ್ನು ತಣಿಸುವುದು, ಒದ್ದೆಯನ್ನು ಒಣಗಿಸುವುದು, ಅಷ್ಟೇ. ಮದುವೆಯಾಗಿ ಬಂದು ಎಷ್ಟು ವರ್ಷವಾದರೂ ಗಾಬರಿಯಾದಾಗ ಬಾಯಿಗೆ ಬರುವುದು ಅಮ್ಮನ ಮನೆಯ ಮಾತೇ.

ಅವಳು ಒಲೆ ನಂದಿಸಿ, ಮಾವನ ಕೋಣೆಗೆ ನಡೆದಳು. ಗಂಡ ಎರಡೂ ಲೋಟ ಕೆಳಗಿಟ್ಟು ಹಿಂದೆಯೇ ಬಂದ.

"ಮಾವ, ಬೆಳಿಗ್ಗೆ ಫೋನಲ್ಲಿ ನಾನು ಏನಂದೆ?"

"ರಾಡು ಆರಿಸಿ ಅಂದೆ."

"ನೀವೇನು ಮಾಡಿದ್ರಿ?"

"ಇನ್ನೇನ್ ಮಾಡ್ಲಿ? ಕರೆಂಟಿರಲಿಲ್ಲ, ನೀರು ತಣ್ಣಗೆ ಕೊರೀತಿತ್ತು. ಎತ್ತಿ, ನೀರು ಕೊಡವಿ, ಆರೋಕೆ ಹಾಕಿದೆ. ಕೊಕ್ಕೆಗೆ. ನೀನು ಒದ್ದೇಲೇ ಬಿಟ್ಟು ಹೋಗ್ತೀಯಲ್ಲ, ಇವತ್ತು ಪರವಾಗಿಲ್ಲ, ನೆನಪು ಮಾಡ್ಕೊಂಡು ಫೋನ್ ಮಾಡಿದ್ಲು ಅಂತ…" ಅವರು ನಿಲ್ಲಿಸಿದರು. "ಯಾಕಮ್ಮ? ಬೇರೆ ಏನೋ ಹೇಳಿದ್ಯಾ?"

ಅವಳು ನೆಲದ ಮೇಲೆ ಕೂತುಬಿಟ್ಟಳು. "ಬಂದ್ ಮಾಡಿ ಅಂತ ಹೇಳಿದ್ದು ಮಾವ. ನಮ್ಮಮ್ಮನ ಮನೇಲಿ ಹಂಗೇ ಅಂತೀವಿ. ನೀವು ನಾನು ಹೇಳಿದ್ದನ್ನೇ ಮಾಡಿದೀರಿ. ಆಮೇಲೆ ಕರೆಂಟು ಬಂತು."

ಮಾವ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟರು. ಮನುಷ್ಯನಿಗೆ ಮಾತು ಕೊಟ್ಟ ದೇವರು ಒಂದೊಂದು ಮಾತಿನೊಳಗೆ ಎರಡೆರಡು ಬಾಗಿಲು ಇಟ್ಟಿದ್ದಾನೆ. ಒಬ್ಬರು ಒಂದರಿಂದ ಒಳಗೆ ಹೋದರೆ ಇನ್ನೊಬ್ಬರು ಮತ್ತೊಂದರಿಂದ ಹೊರಗೆ ಹೋಗಿಬಿಡುತ್ತಾರೆ.

"ಹಂಗಾದ್ರೆ… ನಾನು ಸ್ವಿಚ್ ಒತ್ತಿದ್ದು ಮರೆತಿಲ್ಲ?"

"ಒತ್ತೇ ಇಲ್ಲ ಮಾವ ನೀವು. ಒತ್ತದೇ ಇರೋದನ್ನ ಹೆಂಗೆ ನೆನಪಿಟ್ಕೋತೀರಾ?"

"ಹಂಗಾದ್ರೆ ತಲೆ ನೆಟ್ಟಗಿದೆ ಅನ್ನು."

"ನೆಟ್ಟಗಿದೆ. ಹತ್ತಿ ಮಾತ್ರ ತುಂಬಾ ಅಂಟಿದೆ."

ಅವರು ಎಡಗೈಯಿಂದ ತಲೆ ಸವರಿಕೊಂಡರು. ನಗಲು ಹೋಗಿ ಕಣ್ಣು ತುಂಬಿಕೊಂಡರು. ಹೊಲಿಗೆ ಅಕ್ಕ ಕೆಳಗಿನಿಂದ, "ಏನಾಯ್ತೇ ಅಲ್ಲಿ? ಮತ್ತೆ ಏನಾದ್ರೂ ಸುಟ್ರಾ?" ಎಂದು ಕೂಗಿದಳು.

ಗಂಡ ಹೊರಗೆ ಹೋದ. ಜಗಲಿಯಲ್ಲಿ ಅವನ ತಗ್ಗಿದ ದನಿ ಕೇಳುತ್ತಿತ್ತು. "ಅಣ್ಣಾ, ನಾಳೆ ಬರಲ್ಲ… ಇಲ್ಲ, ಅಪ್ಪನ ತಪ್ಪಲ್ಲ… ಅವಳದ್ದೂ ಅಲ್ಲ ಅನ್ನು. ಸಿಕ್ಕಾಗ ಹೇಳ್ತೀನಿ, ಫೋನಲ್ಲಿ ಬೇಡ. ಫೋನಲ್ಲಿ ಹೇಳಿದ್ರೆ ಇನ್ನೇನೋ ಆಗುತ್ತೆ."

ಒಳಗೆ ಬಂದಾಗ ಅವನು ಅಪ್ಪನ ಮುಖ ನೋಡಲಿಲ್ಲ. ಮಡಚಿಟ್ಟ ಬಟ್ಟೆಗಳನ್ನು ಎತ್ತಿ ಕಪಾಟಿನೊಳಗೆ ಇಟ್ಟ. ಹೇಗೆಂದರೆ ಹಾಗೆ ಇಟ್ಟ. ಮಾವ ಅದನ್ನು ಕಂಡು ಮುಖ ಕಿವುಚಿದರು. ಆಮೇಲೆ ಅವನು ಮಂಚದ ಬಳಿ ಬಂದು, ಅಂಗಿಯ ಜೇಬಿಗೆ ಕೈ ಹಾಕಿ, ಬೀಗದಕೈಯನ್ನು ತೆಗೆದು ಅಪ್ಪನ ಅಂಗೈಯಲ್ಲಿಟ್ಟ. ಬೊಕ್ಕೆ ಎದ್ದ ಬೆರಳಿಗೆ ತಾಗದ ಹಾಗೆ.